ಪಾರಾದವರ ಕಥೆ, ಉಳಿದವರ ಮೌನ

2021ರಲ್ಲಿ ತೆರೆಕಂಡ ಕೊರಿಯಾದ 'ಎಸ್ಕೇಪ್ ಫ್ರಮ್ ಮೊಗಾದಿಶು' ಚಿತ್ರದಲ್ಲೊಂದು ಊಟದ ದೃಶ್ಯವಿದೆ. ಸೊಮಾಲಿಯಾದ ರಾಜಧಾನಿ ಅಂತರ್ಯುದ್ಧದಲ್ಲಿ ಉರಿಯುತ್ತಿದೆ. ಉತ್ತರ ಕೊರಿಯಾದ ರಾಯಭಾರಿ ಹೆಂಗಸರು, ಮಕ್ಕಳ ಸಮೇತ ವೈರಿ ದಕ್ಷಿಣ ಕೊರಿಯಾದ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದಿದ್ದಾನೆ. ಹಸಿದಿದ್ದರೂ ಅನ್ನ ಮುಟ್ಟಲು ಅತಿಥಿಗಳಿಗೆ ಭಯ, ವಿಷವಿದ್ದರೆ? ಆತಿಥೇಯ ರಾಯಭಾರಿ ಬಟ್ಟಲು ಬದಲಿಸಿಕೊಂಡು ತಾನೇ ಮೊದಲು ಉಣ್ಣುತ್ತಾನೆ. ಯಾವ ಭಾಷಣವೂ ಹೇಳಲಾರದ ಮಾತನ್ನು ಈ ಒಂದು ತುತ್ತು ಹೇಳುತ್ತದೆ.

1991ರ ಜನವರಿಯ ನಿಜ ಘಟನೆಯನ್ನು ನಿರ್ದೇಶಕ ರ್ಯೂ ಸುಂಗ್-ವಾನ್ ರೋಚಕವಾಗಿ ಹೆಣೆದಿದ್ದಾರೆ. ವಿಶ್ವಸಂಸ್ಥೆಯ ಸದಸ್ಯತ್ವಕ್ಕೆ ಆಫ್ರಿಕಾದ ಮತ ಬೇಡುತ್ತಾ ಪರಸ್ಪರ ಕಾಲೆಳೆಯುತ್ತಿದ್ದವರೇ ಕಾರುಗಳಿಗೆ ಪುಸ್ತಕ, ಮರಳಿನ ಚೀಲ ಕಟ್ಟಿಕೊಂಡು ಗುಂಡಿನ ಮಳೆಯಲ್ಲಿ ಇಟಲಿಯ ರಾಯಭಾರ ಕಚೇರಿಗೆ ಧಾವಿಸುತ್ತಾರೆ. ಕೊನೆಗೆ ಕೆನ್ಯಾದಲ್ಲಿ ವಿಮಾನ ಇಳಿದಾಗ ಒಬ್ಬರನ್ನೊಬ್ಬರು ತಿರುಗಿ ನೋಡುವಂತಿಲ್ಲ. ಪ್ರಾಣ ಉಳಿಸಿದ ಸ್ನೇಹವನ್ನು ರಾಜಕೀಯ ಅಲ್ಲೇ ಕತ್ತರಿಸುತ್ತದೆ.

ಆದರೆ ಚಿತ್ರದ ದೊಡ್ಡ ಕೊರತೆಯೂ ಇಲ್ಲೇ ಇದೆ. ಕೊರಿಯನ್ನರಿಗೆ ಹೆಸರಿದೆ, ಕುಟುಂಬವಿದೆ, ಕಣ್ಣೀರಿದೆ. ಸೊಮಾಲಿಯನ್ನರಲ್ಲಿ ಹೆಚ್ಚಿನವರು ಬಂದೂಕು ಹಿಡಿದ ಗುಂಪು ಮಾತ್ರ. ಆ ನಾಡು ಯಾರದು, ಅಲ್ಲಿನ ತಾಯಂದಿರು ಎಲ್ಲಿ ಓಡಬೇಕು ಎಂಬ ಪ್ರಶ್ನೆಗೆ ಚಿತ್ರದಲ್ಲಿ ಜಾಗವಿಲ್ಲ. ತಮ್ಮವರು ವಿಮಾನ ಹತ್ತಿದರೆ ಕಥೆ ಮುಗಿಯಿತು.

ಇದು ಕೊರಿಯನ್ನರ ದೋಷ ಮಾತ್ರವಲ್ಲ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ನಮ್ಮ ಹಕ್ಕಿಪಿಕ್ಕಿ ಜನರೂ ಅಲ್ಲಿ ಸಿಲುಕಿದ್ದರು. ಗಿಡಮೂಲಿಕೆ, ಎಣ್ಣೆ ಮಾರಲು ಹೋದ ಅವರಲ್ಲಿ ಹುಣಸೂರು ತಾಲೂಕಿನವರೂ ಇದ್ದರು. ಚಿತ್ರದ ರಾಯಭಾರಿಗಳಿಗಿದ್ದ ಕಟ್ಟಡ, ಕಾರು ಇವರಿಗಿರಲಿಲ್ಲ. ಎಲ್ ಫಾಶರ್ ಊರಿನ ಬಾಡಿಗೆ ಮನೆಯಲ್ಲಿ ಮೊಬೈಲ್ ಫೋನೇ ಆಸರೆ. ಚುನಾವಣೆಯ ಹೊಸ್ತಿಲಲ್ಲಿದ್ದ ರಾಜ್ಯದಲ್ಲಿ ಅವರ ಸಂಕಟ ಸಿದ್ದರಾಮಯ್ಯ ಮತ್ತು ವಿದೇಶಾಂಗ ಸಚಿವ ಜೈಶಂಕರ್ ನಡುವೆ ಟ್ವಿಟರ್ ಜಗಳವಾಯಿತು. ನಂತರ 'ಆಪರೇಷನ್ ಕಾವೇರಿ' ನಡೆಯಿತು. ಪೋರ್ಟ್ ಸುಡಾನ್‌ನಿಂದ ಜಿದ್ದಾ ಮಾರ್ಗವಾಗಿ ಸಾವಿರಾರು ಭಾರತೀಯರು ಮರಳಿದರು. ನಾವೂ ನಿಟ್ಟುಸಿರುಬಿಟ್ಟು ಸುಡಾನನ್ನು ಮರೆತೆವು.

ಅದೇ ಎಲ್ ಫಾಶರ್ ಒಂದೂವರೆ ವರ್ಷದ ದಿಗ್ಬಂಧನದಲ್ಲಿ ಹಸಿದು, 2025ರ ಅಕ್ಟೋಬರಿನಲ್ಲಿ ಅರೆಸೇನಾ ಪಡೆಯ ವಶವಾಯಿತು. ಸಾಮೂಹಿಕ ಹತ್ಯೆಗಳು ನಡೆದವು. ಸತ್ತವರೂ ಮುಸ್ಲಿಮರು, ಕೊಂದವರೂ ಮುಸ್ಲಿಮರು; ಬಹುಶಃ ಅದಕ್ಕೇ ಯಾರಿಗೂ ಅದು ಘೋಷಣೆಯಾಗಲಿಲ್ಲ, ನಮಗೂ ಕೂಡಾ. ನಮ್ಮವರ ಜತೆ ಅದೇ ಓಣಿಯಲ್ಲಿ ಬದುಕಿದ್ದ ನೆರೆಯವರು ಏನಾದರು ಎಂದು ನಾವು ಕೇಳಿದ್ದೇವೆಯೇ?

ಬಟ್ಟಲು ಬದಲಿಸಿದ ಆ ದೃಶ್ಯಕ್ಕಾಗಿ ಈ ಚಿತ್ರವನ್ನು ನೋಡಬೇಕು. ನೋಡಿದ ಮೇಲೆ, ಆ ಮೇಜಿಗೆ ಯಾರನ್ನು ಕರೆಯಲಿಲ್ಲ ಎಂಬುದನ್ನೂ ಯೋಚಿಸಬೇಕು.