ಸಹಿಯಿಲ್ಲದ ದೂರು: ಕ್ರೀಡಾಸಂಸ್ಥೆಯೊಂದರ ನಿಯಮದ ವಿಮರ್ಶೆ

ತರಬೇತುದಾರರ ಮೇಲೆ ಆಪಾದನೆ ಬಂದಾಗ ಕ್ರೀಡಾಸಂಸ್ಥೆಗಳು ನಡೆದುಕೊಳ್ಳುವ ರೀತಿಯನ್ನು ಸಾಮಾನ್ಯವಾಗಿ ನೀತಿಯ ದೃಷ್ಟಿಯಿಂದ ವಿವೇಚಿಸುವುದುಂಟು. ಅದನ್ನು ಸಾಕ್ಷ್ಯವಿಚಾರದ ದೃಷ್ಟಿಯಿಂದಲೂ ಪರೀಕ್ಷಿಸುವುದು ಯುಕ್ತವಾಗಿದೆ. ಅಮೆರಿಕದಲ್ಲಿ ಜಿಮ್ನಾಸ್ಟಿಕ್ಸ್ ಕ್ರೀಡೆಯ ಆಡಳಿತ ನಡೆಸುವ 'ಯು.ಎಸ್.ಎ. ಜಿಮ್ನಾಸ್ಟಿಕ್ಸ್' ಸಂಸ್ಥೆಯ ವೃತ್ತಾಂತವು ಇದಕ್ಕೆ ತಕ್ಕ ನಿದರ್ಶನ.

2016ರ ಆಗಸ್ಟ್ ತಿಂಗಳಲ್ಲಿ 'ಇಂಡಿಯಾನಾಪೊಲಿಸ್ ಸ್ಟಾರ್' ಪತ್ರಿಕೆಯು ಈ ಸಂಸ್ಥೆಯ ಒಂದು ರೂಢಿಯನ್ನು ಬೆಳಕಿಗೆ ತಂದಿತು. ಲೈಂಗಿಕ ದೌರ್ಜನ್ಯದ ದೂರಿಗೆ ಪೀಡಿತರಾಗಲಿ ಅವರ ತಂದೆತಾಯಿಗಳಾಗಲಿ ಸಹಿ ಹಾಕದಿದ್ದರೆ, ಅದನ್ನು ಬರಿಯ ಕೇಳಿಕೆಯ ಮಾತೆಂದು ಬದಿಗಿಡಲಾಗುತ್ತಿತ್ತು. ಇದನ್ನು ಇಬ್ಬರು ಮಾಜಿ ಅಧಿಕಾರಿಗಳು ಪ್ರಮಾಣಪೂರ್ವಕವಾಗಿ ಒಪ್ಪಿದ್ದರು. ಐವತ್ತಕ್ಕೂ ಹೆಚ್ಚು ತರಬೇತುದಾರರನ್ನು ಕುರಿತ ದೂರುಗಳು ಕಾರ್ಯಾಲಯದ ಖಾನೆಯೊಂದರಲ್ಲಿ ಉಳಿದಿದ್ದವು. ಅವರಲ್ಲೊಬ್ಬನನ್ನು ಕುರಿತು 1998ರಲ್ಲಿಯೇ ಎಚ್ಚರಿಕೆ ಬಂದಿತ್ತು. ಅನಂತರವೂ ಅವನು ವರ್ಷಗಳ ಕಾಲ ಮಕ್ಕಳಿಗೆ ತರಬೇತು ನೀಡುತ್ತಲೇ ಇದ್ದನು. ಕಡೆಗೆ ಬಾಲಕಿಯೊಬ್ಬಳ ತಾಯಿ ಕೇಂದ್ರ ಸರ್ಕಾರದ ತನಿಖಾಧಿಕಾರಿಗಳ ಮೊರೆಹೊಕ್ಕ ಮೇಲೆ ಅವನಿಗೆ 30 ವರ್ಷಗಳ ಸೆರೆವಾಸ ಪ್ರಾಪ್ತವಾಯಿತು.

ಸುಳ್ಳು ಆಪಾದನೆಯಿಂದ ನಿರ್ದೋಷಿಯ ಜೀವನವು ಹಾಳಾದೀತೆಂಬ ಭಯ ನಿರಾಧಾರವಾದುದಲ್ಲ. ಆದರೆ ಶಿಕ್ಷೆಗೆ ಬೇಕಾದ ಪ್ರಮಾಣವೇ ಬೇರೆ, ವಿಚಾರಣೆಯನ್ನು ಆರಂಭಿಸಲು ಬೇಕಾದ ಆಧಾರವೇ ಬೇರೆ. ಈ ನಿಯಮವು ಎರಡನ್ನೂ ಒಂದೆಂದೆಣಿಸಿತು. ಇತಿಹಾಸದ ವಿದ್ಯಾರ್ಥಿಯು ಕೇಳಿಕೆಯ ಮಾತನ್ನು ಸಿದ್ಧವಾದ ಸತ್ಯವೆಂದು ಸ್ವೀಕರಿಸುವುದಿಲ್ಲ; ಹಾಗೆಂದು ಅದನ್ನು ತಳ್ಳಿಹಾಕುವುದೂ ಇಲ್ಲ. ಹೇಳಿದವರು ಯಾರು, ಅವರಿಗೆ ತಿಳಿದುದು ಹೇಗೆ, ಅನ್ಯ ಸಾಕ್ಷ್ಯವು ಅದಕ್ಕೆ ಹೊಂದುವುದೆ ಎಂದು ಶೋಧಿಸುತ್ತಾನೆ. ಈ ಶೋಧನೆಯು ಸಂಸ್ಥೆಯ ಹೊಣೆಯಾಗಿತ್ತು. ಯಾರ ಕ್ರೀಡಾಭವಿಷ್ಯವು ತರಬೇತುದಾರನ ಕೃಪೆಯನ್ನೇ ಅವಲಂಬಿಸಿತ್ತೋ ಅಂಥ ಬಾಲಕಿಯ ಸಹಿಗಾಗಿ ಕಾದು ಕುಳಿತುದರಿಂದ, ಆ ಹೊಣೆಯು ಅತ್ಯಂತ ದುರ್ಬಲರ ಹೆಗಲಿಗೇರಿತು.

2017ರಲ್ಲಿ ಡೆಬೊರಾ ಡೇನಿಯಲ್ಸ್ ಅವರು ಸಲ್ಲಿಸಿದ ವರದಿಯು 70 ಶಿಫಾರಸುಗಳನ್ನು ಮಾಡಿತು. 2018ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ, ಮಕ್ಕಳ ಮೇಲಿನ ದೌರ್ಜನ್ಯದ ಬಗೆಗೆ ಸಕಾರಣವಾದ ಸಂಶಯ ಹುಟ್ಟಿದ 24 ಗಂಟೆಗಳೊಳಗೆ ಅಧಿಕಾರಿಗಳಿಗೆ ತಿಳಿಸತಕ್ಕದ್ದು. ಸಂಶಯವೇ ವಿಚಾರಣೆಗೆ ಸಾಕಾದ ಆಧಾರವೆಂದು ಒಪ್ಪಿದುದೇ ಈ ಕಾನೂನಿನ ನಿಜವಾದ ಮಹತ್ತ್ವ. ಆದರೂ ಕಾನೂನು ತಿಳಿಸುವಂತೆ ಮಾಡಬಲ್ಲುದೇ ಹೊರತು, ಖಾನೆಯಲ್ಲಿರುವ ಹಳೆಯ ಕಡತಗಳನ್ನು ಒಂದರ ಪಕ್ಕದಲ್ಲೊಂದನ್ನಿಟ್ಟು ಓದುವ ಶ್ರದ್ಧೆಯನ್ನು ಹುಟ್ಟಿಸಲಾರದು. ಆದ್ದರಿಂದ ಯಾವುದೇ ಕ್ರೀಡಾಸಂಸ್ಥೆಯನ್ನು ಅಳೆಯುವಾಗ ಅದರ ನಿಯಮಾವಳಿಯನ್ನಷ್ಟೇ ಓದಿದರೆ ಸಾಲದು. ಸಹಿಯಿಲ್ಲದ ದೂರೊಂದು ಕೈಸೇರಿದ ಮರುದಿನ ಅದು ಏನು ಮಾಡಿತೆಂಬುದನ್ನು ನೋಡಬೇಕು.