ಡಬ್ಬಿಯಿಲ್ಲದ ನಿಧಿ

ಜಿಪಿಎಸ್ ಹಿಡಿದು ಅಡಗಿಸಿಟ್ಟ ಡಬ್ಬಿ ಹುಡುಕುವ ಜಿಯೋಕ್ಯಾಶಿಂಗ್ ಹುಟ್ಟಿದ್ದು 2000ದಲ್ಲಿ. ಡಬ್ಬಿಯೇ ಇಲ್ಲದ ಅರ್ಥ್‌ಕ್ಯಾಶ್ 2004ರಲ್ಲಿ. ನೆಲವನ್ನು ನೋಡಿ ಪ್ರಶ್ನೆಗೆ ಉತ್ತರಿಸುವುದೇ ಇಲ್ಲಿ ಗಳಿಕೆ. ಐರ್ಲೆಂಡಿನ ವಿಕ್ಲೋ ಬೆಟ್ಟಗಳ ಜೌಗಿಗೆ ಇದಕ್ಕಿಂತ ಒಪ್ಪುವ ಆಟವಿಲ್ಲ. ಅಲ್ಲಿ ನೀರು ಹೀರಿ ಬೆಳೆಯುವ ಸ್ಫ್ಯಾಗ್ನಮ್ ಪಾಚಿ, ಹುಳಿನೀರಿನಲ್ಲಿ ಪೂರ್ತಿ ಕೊಳೆಯದೆ ವರ್ಷಕ್ಕೆ ಸುಮಾರು 1 ಮಿಲಿಮೀಟರಿನಂತೆ ಪೀಟ್ ಆಗಿ ಕೂಡುತ್ತದೆ. ಸಾರವಿಲ್ಲದ ಆ ನೆಲದಲ್ಲಿ ಡ್ರಾಸೆರಾ ಗಿಡ ಅಂಟುಹನಿಗಳಿಂದ ಹುಳ ಹಿಡಿದು ಪೋಷಣೆ ಪಡೆಯುತ್ತದೆ.

ಈ ಆಟದಲ್ಲಿ ಕಣ್ಣು ಮೊಬೈಲಿನಲ್ಲೇ ನೆಟ್ಟಿರುತ್ತದೆ, ತುಳಿತಕ್ಕೆ ಜೌಗು ಹಾಳಾಗುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ವಿಕ್ಲೋದ ಜೌಸ್ ಬೆಟ್ಟದ ಮೇಲೆ ಹಳೆಯ ರೈಲ್ವೆ ಸ್ಲೀಪರುಗಳ ಕಾಲುಹಾದಿಯಿದೆ. ಮೊಬೈಲು ಜಾಗ ತೋರಿಸೀತು, ಉತ್ತರಕ್ಕೆ ಬಾಗಿಯೇ ನೋಡಬೇಕು. ಮೀಟರ್ ಆಳದ ಪೀಟ್ ಎಂದರೆ ಸುಮಾರು ಸಾವಿರ ವರ್ಷ. ಹೂತಿಟ್ಟ ನಿಧಿ ಅದೇ; ಅಗೆಯದೆ ಬರುವುದೇ ಗೆಲುವು.