ಚಹಾಕ್ಕೆ ಬಂದ ಹುಲಿ

ಡೊಂಬಿವಲಿಯ ನಮ್ಮ ಮನೆಗೆ ಎರಡು ಬಾಗಿಲು. ಒಳಗೆ ಮರದ್ದು, ಹೊರಗೆ ಕಬ್ಬಿಣದ ಸೇಫ್ಟಿ ಡೋರ್. ಬೆಲ್ ಆದರೆ ತೆರೆಯಬೇಡ ಎಂದು ಐದು ವರ್ಷದ ಮೊಮ್ಮಗಳಿಗೆ ಕಲಿಸಿದವನೇ ನಾನು. ಅಂಥವನು ಜುಡಿತ್ ಕೆರ್ ಬರೆದು ಚಿತ್ರಿಸಿದ 'ದ ಟೈಗರ್ ಹೂ ಕೇಮ್ ಟು ಟೀ' (1968) ಪುಸ್ತಕವನ್ನು ಅವಳಿಗೆ ಕನ್ನಡದಲ್ಲಿ ಹೇಳಲು ಕುಳಿತದ್ದು ತಮಾಷೆಯೇ ಸರಿ.

ಕಥೆ ಇಷ್ಟೇ. ಸೋಫಿ ಮತ್ತು ಅವಳ ಅಮ್ಮ ಚಹಾ ಕುಡಿಯುತ್ತಿರುವಾಗ ಬೆಲ್ ಆಗುತ್ತದೆ. ಹಾಲಿನವನಲ್ಲ, ಅಂಗಡಿಯ ಹುಡುಗನಲ್ಲ, ಅಪ್ಪನೂ ಅಲ್ಲ. ತೆರೆದರೆ ಹುಲಿ! ತುಂಬ ವಿನಯದ ಹುಲಿ. ಅಮ್ಮ ಒಳಗೆ ಕರೆಯುತ್ತಾಳೆ. ಅದು ಮನೆಯಲ್ಲಿದ್ದದ್ದನ್ನೆಲ್ಲ ತಿಂದು, ನಲ್ಲಿಯ ನೀರನ್ನೂ ಖಾಲಿ ಮಾಡಿ ಹೊರಟುಹೋಗುತ್ತದೆ.

"ಅಜ್ಜ, ಇನ್ನು ನಾಳೆ ನೀರು ಬರುವವರೆಗೆ ಅವ್ರು ಏನು ಮಾಡ್ತಾರೆ?" ಎಂದಳು ಮೊಮ್ಮಗಳು. ಗಂಟೆ ನೋಡಿ ನೀರು ಹಿಡಿಯುವ ಮನೆಯ ಮಗುವಿಗೆ ಉಪಚಾರದ ಬೆಲೆ ಬೇಗ ತಿಳಿಯುತ್ತದೆ.

ಪುಸ್ತಕ ಎಲ್ಲಿಯೂ ನೀತಿ ಹೇಳುವುದಿಲ್ಲ. ಅದೇ ಅದರ ಹೆಚ್ಚುಗಾರಿಕೆ. ನಮ್ಮ ಗೋವಿನ ಹಾಡಿನ ಹುಲಿ ಪಶ್ಚಾತ್ತಾಪಪಟ್ಟು ಪ್ರಾಣ ಬಿಡುತ್ತದೆ. ಇಲ್ಲಿಯ ಹುಲಿ ಹುಲಿಯಾಗಿ ಬಂದು, ಹುಲಿಯಾಗಿಯೇ ಉಂಡು ಹೋಗುತ್ತದೆ. ಮೊದಲು ನಮ್ಮಂತಾಗು, ಆಮೇಲೆ ದಯೆ ಎಂಬ ಷರತ್ತಿಲ್ಲ. ಕೆರ್ ಒಂಬತ್ತು ವರ್ಷದವರಿದ್ದಾಗ, 1933ರಲ್ಲಿ, ಅವರ ಕುಟುಂಬ ನಾಜಿಗಳಿಗೆ ಹೆದರಿ ಬರ್ಲಿನ್ ಬಿಟ್ಟಿತ್ತು. ಹುಲಿಯಲ್ಲಿ ಆ ಭಯದ ನೆರಳು ಕಂಡವರಿದ್ದಾರೆ. ಹುಲಿ ಬರೀ ಹುಲಿ ಎಂದೇ ಕೆರ್ ಹೇಳುತ್ತಿದ್ದರು. ನನಗಂತೂ ಹುಲಿಗಿಂತ ಆ ತೆರೆದ ಬಾಗಿಲೇ ಹೆಚ್ಚು ಕಾಣುತ್ತದೆ.

ಒಂದು ಕೊರತೆಯನ್ನೂ ಹೇಳಬೇಕು. ಚಿತ್ರದ ಚೆಂದದ ಹುಲಿಗೆ ಯಾರೂ ದಯೆ ತೋರಿಸಿಯಾರು. ಬೆವರು ಸುರಿಸುತ್ತ ನಾಲ್ಕು ಮಾಳಿಗೆ ಹತ್ತಿ ಬರುವ ಪಾರ್ಸೆಲ್ ಹುಡುಗನಿಗೆ ಇದರಲ್ಲಿ ಪುಟವಿಲ್ಲ. ಅದನ್ನು ಮನೆಯ ಹಿರಿಯರೇ ಸೇರಿಸಬೇಕು. ನಾನು ನನ್ನದೊಂದು ಪುಟ ಸೇರಿಸಿದೆ: 1974ರಲ್ಲಿ ಕುಂದಾಪುರದಿಂದ ಬಂದು, ವಿಳಾಸದ ಚೀಟಿ ಕಳಕೊಂಡು ನಿಂತ ರಾತ್ರಿ, ಪರೇಲಿನ ಚಾಳಿನ ಮರಾಠಿ ತಾಯಿಯೊಬ್ಬರು ಭಾಕರಿ ಕೊಟ್ಟು, ಮಲಗಲು ಹೊರಗೆ ಚಾಪೆ ಹಾಸಿದ್ದರು. ಅವರ ಹೆಸರನ್ನೂ ನಾನು ಕೇಳಿರಲಿಲ್ಲ.

ಬಾಗಿಲು ತೆರೆಯುವಾಗ ಸೋಫಿಯ ಜೊತೆ ಅಮ್ಮ ಇದ್ದಳಲ್ಲ! ನಮ್ಮ ಮನೆಯ ನಿಯಮವೂ ಈಗ ಸ್ವಲ್ಪ ಬದಲಾಗಿದೆ: "ಬೆಲ್ ಆದ್ರೆ ಅಜ್ಜನನ್ನು ಕರಿ. ನೀರು ನೀನು ತಾ."

ಕೊನೆಯಲ್ಲಿ ಸೋಫಿ ಮತ್ತು ಅಮ್ಮ ಹುಲಿಗೆಂದೇ ದೊಡ್ಡ ಡಬ್ಬಿ ಆಹಾರ ತಂದಿಡುತ್ತಾರೆ. ಹುಲಿ ಮತ್ತೆ ಬರುವುದಿಲ್ಲ. ಮೊಮ್ಮಗಳಿಗೆ ಇದು ಒಪ್ಪಿಗೆಯಿಲ್ಲ. "ಬರ್ತದೆ ಅಜ್ಜ, ಅದಕ್ಕೆ ನಮ್ಮ ಮನೆ ಗೊತ್ತಿಲ್ಲ ಅಷ್ಟೆ" ಅನ್ನುತ್ತಾಳೆ.